ಹುಡುಕದವರಿಗೆ ಸಿಗದ ಆಧಾರ: ಎಂಡೋಸಲ್ಫಾನ್ ಮತ್ತು ತಿಳಿದುಕೊಳ್ಳುವ ಹೊಣೆ

ಕಾಸರಗೋಡು ಜಿಲ್ಲೆಯ ಪಡ್ರೆಯ ಕಡೆ ಕುಡಿಯುವ ನೀರು ಗುಡ್ಡೆಯ ಹೊಟ್ಟೆಯೊಳಗಿಂದ ಬರುತ್ತದೆ. ಮುರಕಲ್ಲಿನ ಗುಡ್ಡೆಗೆ ಅಡ್ಡಕ್ಕೆ, ಒಬ್ಬ ಮನುಷ್ಯ ಬಗ್ಗಿ ನಡೆಯುವಷ್ಟು ಅಗಲಕ್ಕೆ ಸುರಂಗ ಕೊರೆಯುತ್ತಾರೆ. ಸಾಕಷ್ಟು ಒಳಗೆ ಹೋದ ಮೇಲೆ ಒಂದು ಕಡೆ ಒರತೆ ಸಿಗುತ್ತದೆ. ಅಲ್ಲಿಂದ ನೀರು ತಾನಾಗಿಯೇ ಹರಿದು ಬರುತ್ತದೆ. ಪಂಪು ಬೇಡ, ಹಗ್ಗ ಬೇಡ. ಅಡಕೆ ಮರದ ದಂಬೆಯಲ್ಲೋ ಪೈಪಿನಲ್ಲೋ ಅದನ್ನು ಅಂಗಳದ ತೊಟ್ಟಿಗೆ ಇಳಿಸಿಕೊಳ್ಳುತ್ತಾರೆ. ಈ ನೀರು ಬೇರೆಲ್ಲಿಂದಲೂ ಬಂದದ್ದಲ್ಲ, ಮಳೆಗಾಲದಲ್ಲಿ ಅದೇ ಗುಡ್ಡೆಯ ಮೇಲೆ ಬಿದ್ದು ಇಂಗಿದ್ದು. ಹಾಗಾಗಿ ಗುಡ್ಡೆಯ ಮೇಲೆ ಏನು ಬಿದ್ದರೂ ಇವತ್ತಲ್ಲ ನಾಳೆ ಅದು ಕೆಳಗಿನ ಮನೆಯ ಚೊಂಬಿಗೆ ಬಂದೇ ಬರುತ್ತದೆ. ಆ ಊರಿನ ಮಕ್ಕಳಿಗೂ ಇದು ಗೊತ್ತು.

ಆ ಗುಡ್ಡೆಗಳ ಮೇಲೆ ಇದ್ದದ್ದು ಗೇರುತೋಟ. ಕೇರಳ ಸರ್ಕಾರದ ಪ್ಲಾಂಟೇಶನ್ ಕಾರ್ಪೊರೇಷನ್ ಬೆಳೆಸಿದ ತೋಟ. ಗೇರಿನ ಚಿಗುರು, ಹೂವಿನ ರಸ ಹೀರುವ ಟೀ ಸೊಳ್ಳೆ ಎಂಬ ಕೀಟವನ್ನು ಕೊಲ್ಲಲು 1970ರ ದಶಕದ ಕೊನೆಯಿಂದ 2000ದ ಡಿಸೆಂಬರ್‌ವರೆಗೆ ಅಲ್ಲಿ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ವರ್ಷಕ್ಕೆ ಎರಡು ಮೂರು ಸಲ, ಇಪ್ಪತ್ತು ವರ್ಷಕ್ಕೂ ಜಾಸ್ತಿ. ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನ ಪಡ್ರೆ, ಸ್ವರ್ಗ, ವಾಣೀನಗರದ ಕನ್ನಡ, ತುಳು ಮಾತಾಡುವ ಮನೆಗಳು ಈ ತೋಟದ ಬುಡದಲ್ಲೇ ಇವೆ. ಗಡಿಯ ಈಚೆ ಬೆಳ್ತಂಗಡಿ, ಪುತ್ತೂರು ಕಡೆಯ ಗೇರುತೋಟಗಳಲ್ಲೂ ಇದೇ ನಡೆಯಿತು. ಕೊಕ್ಕಡದ ಹೆಸರು ಹೇಳಿದರೆ ದಕ್ಷಿಣ ಕನ್ನಡದವರಿಗೆ ಇವತ್ತಿಗೂ ಮೊದಲು ನೆನಪಾಗುವುದು ಇದೇ.

ಎಂಡೋಸಲ್ಫಾನ್ ಎಷ್ಟು ಕೆಟ್ಟದ್ದು ಎಂಬ ಬಗ್ಗೆ ಬೇಕಾದಷ್ಟು ಬರೆದಾಗಿದೆ. ನನಗೆ ಇಲ್ಲಿ ಕೇಳಬೇಕಾಗಿರುವ ಪ್ರಶ್ನೆ ಬೇರೆ. ಈ ಊರುಗಳಲ್ಲಿ ಬುದ್ಧಿಮಾಂದ್ಯತೆ, ಅಪಸ್ಮಾರ, ಕ್ಯಾನ್ಸರ್ ಇಷ್ಟೊಂದು ಯಾಕೆ ಎಂದು ಇಷ್ಟು ವರ್ಷ ಯಾರನ್ನು ಕೇಳಿದರೂ ಬಂದ ಉತ್ತರ ಒಂದೇ: ‘ವಿಷದಿಂದಲೇ ಹೀಗಾಯಿತು ಅನ್ನೋದಕ್ಕೆ ಆಧಾರ ಇಲ್ಲ.’ ಆಧಾರ ಯಾಕೆ ಇರಲಿಲ್ಲ? ಅದನ್ನು ಹುಡುಕಬೇಕಾಗಿದ್ದವರು ಯಾರು? ಪರಿಸರ ನೀತಿಯ ಬಗ್ಗೆ ಕೆಲಸ ಮಾಡುವ ತತ್ತ್ವಶಾಸ್ತ್ರಜ್ಞರು ಈಚಿನ ದಶಕಗಳಲ್ಲಿ ಹೆಚ್ಚು ತಲೆ ಕೆಡಿಸಿಕೊಂಡಿರುವುದು ಇಂಥ ಪ್ರಶ್ನೆಗಳ ಬಗ್ಗೆಯೇ. ಮಾಡಿದ ತಪ್ಪಿಗೆ ನಾವು ಹೊಣೆ, ಅದು ಸರಿ. ತಿಳಿದುಕೊಳ್ಳದೇ ಇದ್ದದ್ದಕ್ಕೂ ಹೊಣೆ ಇದೆಯಾ?

ಇದೆ ಎಂದು ಖಡಾಖಂಡಿತವಾಗಿ ಹೇಳಿದವರಲ್ಲಿ ಇಂಗ್ಲೆಂಡಿನ ಗಣಿತಜ್ಞ ಡಬ್ಲ್ಯು.ಕೆ. ಕ್ಲಿಫರ್ಡ್ ಒಬ್ಬರು. 1877ರಲ್ಲಿ ಅವರು ಕೊಟ್ಟ ಉದಾಹರಣೆ ಹೀಗಿದೆ. ಒಬ್ಬ ಹಡಗಿನ ಯಜಮಾನ. ಹಡಗು ಹಳತು, ಎಷ್ಟೋ ಸಲ ರಿಪೇರಿ ಕಂಡದ್ದು. ವಲಸೆ ಹೊರಟ ಕುಟುಂಬಗಳನ್ನು ಅದರಲ್ಲಿ ಕಳಿಸಬೇಕು. ತಪಾಸಣೆ ಮಾಡಿಸಿದರೆ ಖರ್ಚು. ಇಷ್ಟು ಸಲ ಹೋಗಿ ಬಂದ ಹಡಗು ಈ ಸಲವೂ ಬಂದೇ ಬರುತ್ತದೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತಾನೆ. ಹೇಳಿಕೊಂಡು ಹೇಳಿಕೊಂಡು ಕೊನೆಗೆ ಮನಸಾರೆ ನಂಬುತ್ತಾನೆ. ಹಡಗು ನಡು ಸಮುದ್ರದಲ್ಲಿ ಮುಳುಗುತ್ತದೆ, ಅವನು ವಿಮೆಯ ಹಣ ತೆಗೆದುಕೊಳ್ಳುತ್ತಾನೆ. ಕ್ಲಿಫರ್ಡ್ ಹೇಳುವುದು, ಅವನು ನಿಜವಾಗಿಯೇ ನಂಬಿದ್ದ ಎಂಬುದು ಅವನನ್ನು ಉಳಿಸುವುದಿಲ್ಲ. ತಪಾಸಣೆ ಮಾಡಿಸದೆ ಹಾಗೆ ನಂಬುವ ಹಕ್ಕೇ ಅವನಿಗಿರಲಿಲ್ಲ. ಆಮೇಲೆ ಅವರು ಇನ್ನೊಂದು ಮಾತು ಸೇರಿಸುತ್ತಾರೆ. ಹಡಗು ಮುಳುಗದೆ ಸುರಕ್ಷಿತವಾಗಿ ದಡ ಸೇರಿದ್ದರೂ ಅವನ ತಪ್ಪು ಒಂದು ಚೂರೂ ಕಡಿಮೆ ಆಗುತ್ತಿರಲಿಲ್ಲ.

ಆ ಕೊನೆಯ ಮಾತು ಓದಿದಾಗಲೆಲ್ಲ ನನಗೆ ಪಡ್ರೆಯ ಗುಡ್ಡೆ ಕಣ್ಣಿಗೆ ಬರುತ್ತದೆ. ಎಂಡೋಸಲ್ಫಾನ್ ಚರ್ಚೆಯೆಲ್ಲ ‘ಕಾಯಿಲೆಗೆ ಅದೇ ಕಾರಣವಾ ಅಲ್ಲವಾ’ ಎಂಬಲ್ಲೇ ಗಿರಕಿ ಹೊಡೆಯುತ್ತದೆ. ಅದು ಬೇಕಾದ ಚರ್ಚೆಯೇ. ಆದರೆ ಅದು ಇತ್ಯರ್ಥವಾಗುವ ಮೊದಲೇ ಒಂದು ತಪ್ಪು ನಡೆದುಹೋಗಿದೆ. ಗುಡ್ಡೆಯ ಮೇಲೆ ವಿಷ ಸುರಿಯುವ ಮುಂಚೆ ಕೆಳಗಿನವರು ಯಾವ ನೀರು ಕುಡಿಯುತ್ತಾರೆ ಎಂದು ಯಾರೂ ನೋಡಲಿಲ್ಲ.

ನಿಯಮಗಳು ಇರಲಿಲ್ಲವಾ ಅಂದರೆ ಇದ್ದವು. ವಿಮಾನ, ಹೆಲಿಕಾಪ್ಟರಿನಿಂದ ಕೀಟನಾಶಕ ಹೊಡೆಯುವುದಾದರೆ ಕನಿಷ್ಠ 24 ಗಂಟೆ ಮೊದಲು ಜನರಿಗೆ ತಿಳಿಸಬೇಕು, ಸಂಬಂಧವಿಲ್ಲದ ಜನ, ದನ ಆ ಜಾಗಕ್ಕೆ ಬರದಂತೆ ನೋಡಿಕೊಳ್ಳಬೇಕು ಎಂದು 1971ರ ಕೀಟನಾಶಕ ನಿಯಮಗಳೇ ಹೇಳುತ್ತವೆ. ಬಾವಿ ಮುಚ್ಚಿಡಿ ಎಂಬ ಸೂಚನೆಯೂ ಊರಿಗೆ ಬರುತ್ತಿತ್ತು. ಬಯಲುಸೀಮೆಯ ಚಪ್ಪಟೆ ಹೊಲದಲ್ಲಿ ಇದಕ್ಕೆ ಏನೋ ಅರ್ಥ ಇರಬಹುದು. ಇಲ್ಲಿ ಗುಡ್ಡೆ, ಕಣಿವೆ, ಮತ್ತೆ ಗುಡ್ಡೆ. ಗಾಳಿ ಯಾವ ಕಡೆ ತಿರುಗುತ್ತದೋ ಗೊತ್ತಿಲ್ಲ. ಬಾವಿಯನ್ನಾದರೆ ಮಡಲು ಹಾಸಿ ಮುಚ್ಚಬಹುದು. ತೋಡನ್ನು ಹೇಗೆ ಮುಚ್ಚುವುದು? ಸುರಂಗದ ಬಾಯಿ ಮುಚ್ಚಿದರೆ ಏನು ಪ್ರಯೋಜನ, ನೀರು ಇಂಗುವುದು ಮೇಲಿನಿಂದ ಅಲ್ವಾ?

ಕೆನಡಾದ ತತ್ತ್ವಶಾಸ್ತ್ರಜ್ಞೆ ಲೊರೇನ್ ಕೋಡ್ 1987ರಿಂದಲೂ ಹೇಳುತ್ತಾ ಬಂದದ್ದು ಇದರ ಬಗ್ಗೆಯೇ. ಕ್ಲಿಫರ್ಡ್ ಒಬ್ಬ ಮನುಷ್ಯ, ಅವನ ಒಂದು ನಂಬಿಕೆ ಎಂದು ನೋಡಿದರು. ಕೋಡ್ ಅದನ್ನು ಹಿಗ್ಗಿಸಿದರು. ತಿಳಿಯುವುದು ಒಬ್ಬರ ತಲೆಯೊಳಗೆ ಮುಗಿಯುವ ಕೆಲಸವಲ್ಲ. ಯಾರನ್ನು ಕೇಳುತ್ತೇವೆ, ಯಾವ ಜಾಗಕ್ಕೆ ಹೋಗಿ ನೋಡುತ್ತೇವೆ, ಯಾರ ಮಾತನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತೇವೆ ಎಂಬುದೆಲ್ಲ ಅದರೊಳಗೆ ಇದೆ. ಆಮೇಲೆ 2006ರ ಹೊತ್ತಿಗೆ ಅವರು ಪರಿಸರ ವಿಜ್ಞಾನವನ್ನೇ ಮಾದರಿಯಾಗಿ ಇಟ್ಟುಕೊಂಡರು. ಒಂದು ಗಿಡವನ್ನು ಅದು ಬೆಳೆದ ಮಣ್ಣು, ನೀರು, ಸುತ್ತಲಿನ ಜೀವಗಳ ಜೊತೆಗೇ ನೋಡಬೇಕು, ಆಗ ಮಾತ್ರ ಅದು ಅರ್ಥವಾಗುತ್ತದೆ. ಮನುಷ್ಯರ ತಿಳಿವಳಿಕೆಯೂ ಹಾಗೇ. ಲ್ಯಾಬಿನಲ್ಲಿ ಒಂದು ಕೀಟನಾಶಕಕ್ಕೆ ಸಿಕ್ಕ ಸುರಕ್ಷತೆಯ ಅಂಕಿ ಆ ಲ್ಯಾಬಿನ ಮಟ್ಟಿಗೆ ನಿಜ. ಅದನ್ನೇ ತಂದು ಸುರಂಗದ ನೀರು ಕುಡಿಯುವ ಊರಿನ ಮೇಲೆ ಹೇರಬೇಕಾದರೆ ಆ ಊರನ್ನೂ ಅಷ್ಟೇ ಗಮನ ಕೊಟ್ಟು ಓದಿರಬೇಕು.

ಊರವರು ಸುಮ್ನೆ ಕೂತಿದ್ದರಾ? ಇಲ್ಲ. 1979ರಲ್ಲೇ ಪಡ್ರೆಯ ಹಟ್ಟಿಯಲ್ಲಿ ಕಾಲು ಸೊಟ್ಟಗಿದ್ದ ಕರುಗಳು ಹುಟ್ಟಿದಾಗ ಕೃಷಿ ಬರಹಗಾರ ಶ್ರೀಪಡ್ರೆಯವರು ಆ ಬಗ್ಗೆ ಪತ್ರಿಕೆಗೆ ಬರೆದರು, ಮೇಲಿನಿಂದ ಬೀಳುತ್ತಿರುವ ವಿಷದ ಕಡೆ ಬೆರಳು ತೋರಿಸಿದರು. ‘ಅಡಿಕೆ ಪತ್ರಿಕೆ’ ಓದುವ ಕೃಷಿಕರಿಗೆ ಅವರನ್ನು ಪರಿಚಯಿಸಬೇಕಾಗಿಲ್ಲ. ಜೇನು ಕಾಣಿಸದೆ ಹೋಯಿತು, ತೋಡಿನಲ್ಲಿ ಮೀನು, ಕಪ್ಪೆ ಸತ್ತವು ಎಂದು ಊರಲ್ಲಿ ಮಾತಾಡಿಕೊಂಡರು. ಜೇನಿನ ಲೆಕ್ಕ, ಹಟ್ಟಿಯ ಲೆಕ್ಕ ಇವರಿಗೆ ಗೊತ್ತಿದ್ದಷ್ಟು ಬೇರೆ ಯಾರಿಗೆ ಗೊತ್ತಿರಲು ಸಾಧ್ಯ? ಆದರೂ ಇದು ‘ಹಳ್ಳಿಯವರ ಮಾತು’ ಆಗಿ ಉಳಿಯಿತು.

ಬ್ರಿಟನ್ನಿನ ತತ್ತ್ವಶಾಸ್ತ್ರಜ್ಞೆ ಮಿರಾಂಡಾ ಫ್ರಿಕರ್ 2007ರಲ್ಲಿ ಇದಕ್ಕೊಂದು ಹೆಸರು ಕೊಟ್ಟರು. ಮಾತಿನಲ್ಲಿ ಹುರುಳಿದ್ದರೂ ಹೇಳಿದವರು ಯಾರು ಎಂಬ ಕಾರಣಕ್ಕೆ ಅದನ್ನು ನಂಬದೇ ಇರುವುದು ಒಂದು ಅನ್ಯಾಯ ಎಂದರು. ಇದನ್ನು ಕನ್ನಡದಲ್ಲಿ ಸಾಕ್ಷಿಯ ಅನ್ಯಾಯ ಅನ್ನಬಹುದು. ಆಸ್ತಿ ಕಸಿದುಕೊಂಡರೆ, ಕೂಲಿ ಕೊಡದಿದ್ದರೆ ಅದು ಅನ್ಯಾಯ ಎಂದು ನಮಗೆ ತಕ್ಷಣ ಗೊತ್ತಾಗುತ್ತದೆ. ಮಾತನ್ನು ಕಡೆಗಣಿಸಿದರೆ ಹಾಗೆ ಅನ್ನಿಸುವುದಿಲ್ಲ. ಆದರೆ ಇಲ್ಲಿ ಆ ಕಡೆಗಣನೆಯ ಬೆಲೆ ಎರಡು ದಶಕ.

ಫ್ರಿಕರ್ ಹೇಳುವ ಎರಡನೆಯ ಅನ್ಯಾಯ ಇನ್ನೂ ಸೂಕ್ಷ್ಮ. ಅನುಭವಿಸುತ್ತಿರುವುದನ್ನು ಹೇಳಲು ಪದವೇ ಇಲ್ಲದ ಸ್ಥಿತಿ ಅದು. ಪಡ್ರೆಯ ಸುತ್ತಮುತ್ತ ಮನೆಮನೆಯಲ್ಲಿ ಕಾಯಿಲೆ ಕಾಣಿಸಿಕೊಂಡಾಗ ಎಷ್ಟೋ ಜನ ಅದು ಜಟಾಧಾರಿ ದೈವದ ಕೋಪ ಎಂದುಕೊಂಡರು. ಹರಕೆ ಹೊತ್ತರು. ಮಗು ಹೀಗೆ ಹುಟ್ಟಿದ್ದಕ್ಕೆ ತಾನೇ ಏನೋ ತಪ್ಪು ಮಾಡಿರಬೇಕು ಎಂದು ತಾಯಿ ಒಳಗೊಳಗೇ ಬೇಯುವುದು ಎಂಥ ಸಂಕಟ ಎಂದು ಯೋಚಿಸಿ. ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದು ಸುಲಭ. ನನಗೆ ಹಾಗೆ ಕಾಣುವುದಿಲ್ಲ. ಡಬ್ಬದ ಮೇಲೆ ಏನು ಬರೆದಿದೆ, ಒಳಗೆ ಏನಿದೆ, ಅದು ಮೈಗೆ ಏನು ಮಾಡುತ್ತದೆ ಎಂಬ ಮಾಹಿತಿ ಒಂದು ಕಡೆಯವರ ಕೈಯಲ್ಲಿತ್ತು. ಇನ್ನೊಂದು ಕಡೆಯವರಿಗೆ ತಮ್ಮ ನೋವನ್ನು ಅರ್ಥಮಾಡಿಕೊಳ್ಳಲು ಸಿಕ್ಕ ಭಾಷೆ ದೈವದ್ದು ಮಾತ್ರ. ಎಂಡೋಸಲ್ಫಾನ್ ಎಂಬ ಪದ ಮನೆಮಾತಾದ ಮೇಲೆಯೇ ಆ ತಾಯಂದಿರು ಬೀದಿಗೆ ಬಂದು ಪ್ರಶ್ನೆ ಕೇಳಿದ್ದು.

ಆ ಪದ ಊರಿಗೆ ಬಂದ ದಾರಿಯನ್ನು ಸ್ವಲ್ಪ ನಿಂತು ನೋಡಬೇಕು. ವಾಣೀನಗರದಲ್ಲಿ 1980ರ ದಶಕದಿಂದ ಡಾ. ವೈ.ಎಸ್. ಮೋಹನ ಕುಮಾರ್ ಕ್ಲಿನಿಕ್ ನಡೆಸುತ್ತಿದ್ದರು. ಹಳ್ಳಿ ಡಾಕ್ಟರು, ರೋಗಿಯ ಮನೆ ಎಲ್ಲಿ ಎಂದು ಗೊತ್ತಿರುವವರು. ಬುದ್ಧಿಮಾಂದ್ಯತೆ, ಅಪಸ್ಮಾರ, ಕ್ಯಾನ್ಸರ್, ಮಾನಸಿಕ ತೊಂದರೆ ಇಷ್ಟು ಸಣ್ಣ ಜಾಗದಲ್ಲಿ ಯಾಕೆ ಇಷ್ಟೊಂದು ಎಂದು ಅವರಿಗೆ ಅನ್ನಿಸಿತು. ಮನೆಗಳನ್ನು ಗುರುತು ಹಾಕುತ್ತಾ ಹೋದರೆ ಹೆಚ್ಚಿನವು ಕೊಡೆಂಕಿರಿ ತೋಡಿನ ಇಕ್ಕೆಲಗಳಲ್ಲೇ ಇದ್ದವು. ಆ ತೋಡು ಇಳಿದು ಬರುವುದು ಗೇರುಗುಡ್ಡೆಗಳಿಂದ. ಅವರು 1990ರ ದಶಕದಲ್ಲಿ ವೈದ್ಯಕೀಯ ಪತ್ರಿಕೆಗೆ ಬರೆದು, ಇದಕ್ಕೆ ಕಾರಣ ಏನಿರಬಹುದು, ಯಾರಾದರೂ ಬಂದು ನೋಡಿ ಎಂದು ಕೇಳಿಕೊಂಡರು. ಅತ್ತ ಅದೇ ಕಾಸರಗೋಡು ಜಿಲ್ಲೆಯ ಪೆರಿಯದಲ್ಲಿ ಲೀಲಾಕುಮಾರಿ ಅಮ್ಮ ಎಂಬ ಕೃಷಿ ಅಧಿಕಾರಿ, ಸರ್ಕಾರದ ನೌಕರಿಯಲ್ಲಿದ್ದುಕೊಂಡೇ, ಸಿಂಪಡಣೆ ನಿಲ್ಲಿಸಿ ಎಂದು ಕೋರ್ಟಿಗೆ ಹೋದರು. 1998ರಲ್ಲಿ ಅದೇ ಜಿಲ್ಲೆಯ ಹೊಸದುರ್ಗದ ಮುನ್ಸಿಫ್ ಕೋರ್ಟು ತಡೆ ಕೊಟ್ಟಿತು. ಆದರೂ ಎಣ್ಮಕಜೆಯ ಮೇಲೆ 2000ದ ಕೊನೆಯವರೆಗೂ ಸಿಂಪಡಣೆ ನಡೆಯಿತು.

ಒಬ್ಬ ಬರಹಗಾರ, ಒಬ್ಬ ಹಳ್ಳಿ ಡಾಕ್ಟರು, ಒಬ್ಬ ಕೃಷಿ ಅಧಿಕಾರಿ. ವಿಷ ಸುರಿದ ಸಂಸ್ಥೆ ಮಾಡಬೇಕಾಗಿದ್ದ ಕೆಲಸವನ್ನು ಈ ಮೂವರು ತಮ್ಮ ಸ್ವಂತ ಸಮಯ, ಸ್ವಂತ ಖರ್ಚಿನಲ್ಲಿ ಮಾಡಿದರು. ಇವರು ವೀರರು ಎಂದು ಹೊಗಳಿ ಸುಮ್ಮನಾಗಬಾರದು. ತಿಳಿದುಕೊಳ್ಳುವ ಹೊಣೆ ತಪ್ಪಾದ ಹೆಗಲ ಮೇಲೆ ಬಿತ್ತು ಎಂಬುದನ್ನೂ ಹೇಳಬೇಕು.

ಪರೀಕ್ಷೆಗಳು ಶುರುವಾದದ್ದು 2001ರಲ್ಲಿ. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಪಡ್ರೆಯ ಮಾದರಿಗಳಲ್ಲಿ ವಿಷದ ಶೇಷ ಇದೆ ಎಂದಿತು. ಪ್ಲಾಂಟೇಶನ್ ಕಾರ್ಪೊರೇಷನ್ನೇ ಮಾಡಿಸಿದ ಇನ್ನೊಂದು ಪರೀಕ್ಷೆ ಇಲ್ಲ ಎಂದಿತು. ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಪಡ್ರೆಯ 117 ಹುಡುಗರನ್ನು, ಸಿಂಪಡಣೆ ಇಲ್ಲದ ಬೇರೆ ಊರಿನ 90 ಹುಡುಗರ ಜೊತೆ ಹೋಲಿಸಿ ನೋಡಿತು. ರಕ್ತದ ಸೀರಂನಲ್ಲಿ ಎಂಡೋಸಲ್ಫಾನ್ ಸರಾಸರಿ ಇಲ್ಲಿ 7.47 ಪಿಪಿಬಿ (ನೂರು ಕೋಟಿ ಭಾಗದಲ್ಲಿ ಇಷ್ಟು ಭಾಗ ಎಂಬ ಅಳತೆ), ಅಲ್ಲಿ 1.37. ಈ ಹುಡುಗರಲ್ಲಿ ಪ್ರೌಢಾವಸ್ಥೆಯ ಬೆಳವಣಿಗೆ ತಡವಾಗಿದೆ ಎಂದು 2003ರಲ್ಲಿ ಪ್ರಕಟವಾದ ಆ ಅಧ್ಯಯನ ಹೇಳಿತು. ಆಮೇಲೆ ಒಂದರ ಹಿಂದೆ ಒಂದು ಸಮಿತಿ, ಒಂದಕ್ಕೊಂದು ಹೊಂದದ ವರದಿಗಳು. ಕಡೆಗೆ 2011 ಒಂದೇ ವರ್ಷದಲ್ಲಿ ಎಲ್ಲ ಆಯಿತು. ಫೆಬ್ರವರಿಯಲ್ಲಿ ಕರ್ನಾಟಕ ನಿಷೇಧಿಸಿತು. ಏಪ್ರಿಲ್‌ನಲ್ಲಿ ಜಿನೀವಾದಲ್ಲಿ ಬೇಗ ಕರಗದೆ ಉಳಿಯುವ ವಿಷಗಳನ್ನು ತಡೆಯುವ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧ ಪಟ್ಟಿಗೆ ಎಂಡೋಸಲ್ಫಾನ್ ಸೇರಿತು. ಮೇ 13ರಂದು ಸುಪ್ರೀಂ ಕೋರ್ಟ್ ದೇಶಕ್ಕೆಲ್ಲ ತಡೆ ಹಾಕಿತು.

ಇನ್ನೊಂದು ಕಡೆಯ ವಾದವನ್ನೂ ಹೇಳದೆ ಬಿಟ್ಟರೆ ಅದೂ ತಿಳಿವಳಿಕೆಯ ಹೊಣೆಗೇಡಿತನವೇ. ಕೃಷಿ ವಿಜ್ಞಾನಿಗಳಲ್ಲೇ ಕೆಲವರು ಈ ಅಧ್ಯಯನಗಳ ವಿಧಾನವನ್ನು ಪ್ರಶ್ನಿಸಿದ್ದಾರೆ. 2013ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಇಂಥ ಒಂದು ವಿಮರ್ಶೆ ಬಂತು. ಹೋಲಿಕೆಗೆ ಆರಿಸಿದ ಊರು ಸರಿಯಿದೆಯಾ, ಕಾಯಿಲೆಗಳ ಪ್ರಮಾಣ ನಿಜವಾಗಿ ಬೇರೆ ಕಡೆಗಿಂತ ಜಾಸ್ತಿಯಾ, ಸರ್ಕಾರದ ಸಂತ್ರಸ್ತರ ಪಟ್ಟಿಯಲ್ಲಿರುವ ಎಲ್ಲ ಕಾಯಿಲೆಗೂ ಒಂದೇ ಕಾರಣ ಇರಲು ಸಾಧ್ಯವಾ? ಇವು ಕೇಳಲೇಬೇಕಾದ ಪ್ರಶ್ನೆಗಳು. ಕೇಳಿದವರನ್ನು ಕಂಪನಿಯ ಏಜೆಂಟರು ಎಂದು ಬೈಯುವುದು ಸರಿಯಲ್ಲ. ಪಟ್ಟಿಯಲ್ಲಿರುವ ಪ್ರತಿಯೊಬ್ಬರ ಕಾಯಿಲೆಯೂ ಎಂಡೋಸಲ್ಫಾನಿನಿಂದಲೇ ಎಂದು ನಾನೂ ಹೇಳುವುದಿಲ್ಲ.

ಆದರೆ ಈ ಪ್ರಶ್ನೆಗಳಿಗೆ ಇವತ್ತು ಉತ್ತರ ಕೊಡುವುದು ಇಷ್ಟು ಕಷ್ಟ ಆದದ್ದು ಯಾಕೆ? ಸಿಂಪಡಣೆ ಶುರುವಾಗುವ ಮುಂಚೆ ಊರಿನಲ್ಲಿ ಯಾವ ಕಾಯಿಲೆ ಎಷ್ಟಿತ್ತು ಎಂಬ ಲೆಕ್ಕ ಇಲ್ಲ. ಸಿಂಪಡಣೆ ನಡೆದ ಇಪ್ಪತ್ತು ವರ್ಷ ನೀರನ್ನು, ಹಾಲನ್ನು, ರಕ್ತವನ್ನು ಕ್ರಮವಾಗಿ ಪರೀಕ್ಷೆ ಮಾಡಿದ ದಾಖಲೆ ಇಲ್ಲ. ಗೋಡೆ ಕಟ್ಟುವ ಮೇಸ್ತ್ರಿ ಕೂಡ ಮೊದಲು ದಾರ ಹಿಡಿಯುತ್ತಾನೆ, ಆಮೇಲೆ ಕಲ್ಲು ಇಡುತ್ತಾನೆ. ಇಲ್ಲಿ ದಾರವನ್ನೇ ಹಿಡಿಯಲಿಲ್ಲ. ಹಿಡಿಯದವರೇ ಆಮೇಲೆ, ಗೋಡೆ ಸೊಟ್ಟ ಅನ್ನುವುದಕ್ಕೆ ನಿಮ್ಮ ಹತ್ತಿರ ಅಳತೆ ಎಲ್ಲಿದೆ ಎಂದು ಕೇಳಿದರು. ಅನುಮಾನದ ಲಾಭ ಯಾರಿಗೆ ಹೋಗಬೇಕು ಎಂದು ತೀರ್ಮಾನಿಸುವಾಗ, ಆ ಅನುಮಾನ ಹುಟ್ಟಿದ್ದು ಯಾರ ಅಲಕ್ಷ್ಯದಿಂದ ಎಂದು ನೋಡಲೇಬೇಕು.

ಅಮೆರಿಕದ ತತ್ತ್ವಶಾಸ್ತ್ರಜ್ಞ ರಿಚರ್ಡ್ ರಡ್ನರ್ 1953ರಲ್ಲಿ ಬರೆದ ಒಂದು ಪುಟ್ಟ ಲೇಖನ ಇಲ್ಲಿ ತುಂಬ ಉಪಯೋಗಕ್ಕೆ ಬರುತ್ತದೆ. ಎಷ್ಟು ಆಧಾರ ಸಿಕ್ಕರೆ ಸಾಕು ಎಂಬುದು ಬರೀ ಲೆಕ್ಕದ ಪ್ರಶ್ನೆ ಅಲ್ಲ, ತಪ್ಪಾದರೆ ಏನಾಗುತ್ತದೆ ಎಂಬುದರ ಮೇಲೆ ಅದು ನಿಂತಿದೆ ಎಂದರು. ಔಷಧದಲ್ಲಿ ಪ್ರಾಣ ತೆಗೆಯುವಷ್ಟು ವಿಷ ಇಲ್ಲ ಎಂದು ಹೇಳಬೇಕಾದರೆ ಬಹಳ ಖಾತ್ರಿ ಬೇಕು. ಮಿಷನ್ನಿನಿಂದ ಬಂದ ಬೆಲ್ಟಿನ ಬಕಲ್‌ಗಳಲ್ಲಿ ದೋಷ ಇಲ್ಲ ಎನ್ನುವುದಕ್ಕೆ ಅಷ್ಟು ಬೇಡ. ಎಂಡೋಸಲ್ಫಾನ್ ವಿಷಯದಲ್ಲಿ ಎರಡು ತಪ್ಪು ಸಾಧ್ಯವಿತ್ತು. ನಿರಪಾಯದ್ದನ್ನು ಅಪಾಯ ಎಂದುಕೊಂಡು ನಿಲ್ಲಿಸಿದ್ದರೆ ಗೇರು ಫಸಲು ಸ್ವಲ್ಪ ಕಡಿಮೆಯಾಗುತ್ತಿತ್ತು, ಬೇರೆ ಔಷಧಕ್ಕೆ ಖರ್ಚು ಜಾಸ್ತಿ ಆಗುತ್ತಿತ್ತು. ಅಪಾಯದ್ದನ್ನು ನಿರಪಾಯ ಎಂದುಕೊಂಡು ಮುಂದುವರಿಸಿದರೆ ಒಂದು ತಲೆಮಾರಿನ ಮಕ್ಕಳ ಮೈ. ಈ ಎರಡು ತಪ್ಪನ್ನೂ ಒಂದೇ ತಕ್ಕಡಿಯಲ್ಲಿ ಸಮ ತೂಗುವುದನ್ನು ವಿಜ್ಞಾನದ ನಿಷ್ಠುರತೆ ಎಂದು ಕರೆಯಲು ನನಗೆ ಮನಸ್ಸಿಲ್ಲ. ಯಾರ ನಷ್ಟಕ್ಕೆ ಎಷ್ಟು ಬೆಲೆ ಎಂಬ ತೀರ್ಮಾನ ಅದರೊಳಗೇ ಅಡಗಿ ಕೂತಿದೆ.

ನಮ್ಮ ಕಾನೂನು ಇದನ್ನು ಒಪ್ಪಿದೆ ಎಂಬುದನ್ನು ಜನ ಹೆಚ್ಚು ಗಮನಿಸಿಲ್ಲ. ವಿಶ್ವಸಂಸ್ಥೆಯ ಪರಿಸರ ಸಮ್ಮೇಳನದಲ್ಲಿ ಬಂದ 1992ರ ರಿಯೋ ಘೋಷಣೆಯ ಹದಿನೈದನೆಯ ತತ್ತ್ವ ಹೇಳುವುದೇ ಅದು, ಪೂರ್ತಿ ವೈಜ್ಞಾನಿಕ ಖಾತ್ರಿ ಇಲ್ಲ ಎಂಬ ನೆಪದಲ್ಲಿ ದೊಡ್ಡ ಹಾನಿ ತಡೆಯುವ ಕ್ರಮವನ್ನು ಮುಂದೂಡಬಾರದು. 1996ರಲ್ಲಿ ತಮಿಳುನಾಡಿನ ಚರ್ಮ ಹದ ಮಾಡುವ ಕಾರ್ಖಾನೆಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ನೆಲದ ಕಾನೂನಿನ ಭಾಗ ಎಂದಿತು. ಜೊತೆಗೆ, ತನ್ನ ಕೆಲಸ ಪರಿಸರಕ್ಕೆ ಹಾನಿ ಮಾಡುವುದಿಲ್ಲ ಎಂದು ತೋರಿಸುವ ಹೊಣೆ ಅದನ್ನು ಮಾಡುವವನದು ಎಂದೂ ಹೇಳಿತು. ಆ ತೀರ್ಪು ಬಂದ ಮೇಲೂ ನಾಲ್ಕು ವರ್ಷ ಎಣ್ಮಕಜೆಯ ಮೇಲೆ ಹೆಲಿಕಾಪ್ಟರ್ ಹಾರಿತು.

ಪರಿಹಾರದ ಕಥೆಯಲ್ಲೂ ಅದೇ ರೋಗ ಕಾಣುತ್ತದೆ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳಲ್ಲಿ ಕೊಡಿ ಎಂದು ಕೇರಳ ಸರ್ಕಾರಕ್ಕೆ ಹೇಳಿತು. 2022ರ ಮೇ ತಿಂಗಳಲ್ಲಿ ಅದೇ ಕೋರ್ಟು ಲೆಕ್ಕ ಕೇಳಿದಾಗ 3,704 ಮಂದಿಯಲ್ಲಿ ಹಣ ಸಿಕ್ಕಿದ್ದು 8 ಜನಕ್ಕೆ, ಅದೂ ಕೋರ್ಟಿನ ಬಾಗಿಲು ತಟ್ಟಿದವರಿಗೆ. ಪಟ್ಟಿಗೆ ಸೇರಬೇಕಾದರೆ ಮತ್ತೆ ತಮ್ಮ ಮೈಯನ್ನೇ ಸಾಕ್ಷಿಯಾಗಿ ಹಿಡಿದುಕೊಂಡು ಶಿಬಿರದಿಂದ ಶಿಬಿರಕ್ಕೆ ಹೋಗಬೇಕು. ಹಾಸಿಗೆ ಬಿಟ್ಟೇಳದ ಮಗನನ್ನು ಎತ್ತಿಕೊಂಡು ಹೋಗುವ ಕೆಲಸ ಅಮ್ಮನದೇ. ಮಿಂಚಿನಪದವಿನ ಗೇರುತೋಟದ ಹಾಳುಬಾವಿಯಲ್ಲಿ ಉಳಿದ ಎಂಡೋಸಲ್ಫಾನ್ ಹೂತಿದ್ದಾರೆ ಎಂಬ ದೂರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. ಅದನ್ನೂ ಕೇಳಿದವರು ಜನರೇ.

ಇದೆಲ್ಲ ಹಳೆಯ ಕಥೆ ಅಂತ ಅನ್ನಿಸಿದರೆ ಒಮ್ಮೆ ತಲೆ ಎತ್ತಿ ನೋಡಿ. ಹೆಲಿಕಾಪ್ಟರ್ ಹೋಯಿತು, ಡ್ರೋನ್ ಬಂದಿದೆ. ಡ್ರೋನಿನಿಂದ ಕೀಟನಾಶಕ ಸಿಂಪಡಿಸಲು ಕೇಂದ್ರ ಕೃಷಿ ಸಚಿವಾಲಯ 2021ರ ಡಿಸೆಂಬರ್‌ನಲ್ಲಿ ಮಾರ್ಗಸೂಚಿ ಹೊರಡಿಸಿತು. 2023ರಲ್ಲಿ ಒಪ್ಪಿಗೆ ಸಿಕ್ಕ ಕೇಂದ್ರದ ನಮೋ ಡ್ರೋನ್ ದೀದಿ ಯೋಜನೆ 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ಕೊಡುವ ಗುರಿ ಇಟ್ಟುಕೊಂಡಿತ್ತು. ನಾನು ಡ್ರೋನಿಗೆ ವಿರೋಧಿಯಲ್ಲ. ಬೆನ್ನಿಗೆ ಕ್ಯಾನು ಕಟ್ಟಿಕೊಂಡು, ಮುಖಕ್ಕೆ ಬರೀ ಬೈರಾಸು ಸುತ್ತಿಕೊಂಡು ಔಷಧ ಹೊಡೆಯುವ ಕೂಲಿಯವರ ಮೈಗೆ ಬೀಳುವ ವಿಷ ಇದರಿಂದ ಕಡಿಮೆಯಾದರೆ ಅದು ದೊಡ್ಡ ವಿಷಯ. ಹೆಲಿಕಾಪ್ಟರಿಗೆ ಹೋಲಿಸಿದರೆ ಡ್ರೋನ್ ಬಹಳ ತಗ್ಗಿನಲ್ಲಿ ಹಾರುತ್ತದೆ. ಆದರೆ ಮಲೆನಾಡಿನ ಅಡಕೆ ತೋಟದಲ್ಲಿ ಎಲೆಚುಕ್ಕಿ ರೋಗಕ್ಕೆ ಶಿಲೀಂಧ್ರನಾಶಕ ಹೊಡೆಯುವಾಗ ಕೆಳಗೆ ಹರಿಯುವುದು ಅದೇ ಥರದ ತೋಡು, ಪಕ್ಕದಲ್ಲಿರುವುದು ಅದೇ ಥರದ ಬಾವಿ. ಎಷ್ಟು ಹೊಡೆದೆವು, ಯಾವ ದಿನ, ಗಾಳಿ ಯಾವ ಕಡೆಗಿತ್ತು ಎಂದು ಬರೆದಿಡುವ ಪುಸ್ತಕ ಎಷ್ಟು ಪಂಚಾಯತಿಗಳಲ್ಲಿದೆ? ಮೊದಲ ಸಿಂಪಡಣೆಗೆ ಮುಂಚೆ ಬಾವಿಯ ನೀರನ್ನು ಒಮ್ಮೆ ಪರೀಕ್ಷೆಗೆ ಕಳಿಸಿದವರು ಎಷ್ಟು ಜನ?

ಇದಕ್ಕೆ ದೊಡ್ಡ ಸಂಶೋಧನಾ ಸಂಸ್ಥೆ ಬೇಕಾಗಿಲ್ಲ. ಒಂದು ನೋಟ್‌ಬುಕ್ಕು, ವರ್ಷಕ್ಕೆರಡು ಸಲ ನಾಲ್ಕು ಬಾಟಲಿ ನೀರು, ಊರಿನ ಆಶಾ ಕಾರ್ಯಕರ್ತೆಯ ಹತ್ತಿರ ಕೂತು ಕಾಯಿಲೆಗಳ ಲೆಕ್ಕ ನೋಡುವಷ್ಟು ಸಮಯ. ಇದರ ಖರ್ಚನ್ನು ಸಿಂಪಡಿಸುವವರ, ಔಷಧ ಮಾರುವವರ, ಅದಕ್ಕೆ ಸಬ್ಸಿಡಿ ಕೊಡುವವರ ಲೆಕ್ಕಕ್ಕೆ ಹಾಕಬೇಕು. ಗುಡ್ಡೆಯ ಮೇಲೆ ಬಿದ್ದ ನೀರು ಯಾವ ದಾರಿ ಹಿಡಿದು ಯಾವ ಮನೆಗೆ ಇಳಿಯುತ್ತದೆ ಎಂದು ತೋರಿಸಬಲ್ಲವರು ಎಲ್ಲ ಊರಿನಲ್ಲೂ ಇದ್ದಾರೆ. ಡ್ರೋನ್ ಮೇಲೇರುವ ಮುಂಚೆ ಅರ್ಧ ದಿನ ಅವರ ಜೊತೆ ಗುಡ್ಡೆ ಹತ್ತಿ ಇಳಿದು ಬರಲಿ.